ಸೊಣ್ಣಪ್ಪನ ಪಟ್ಟು

ಆವತಿ
18 ಜನವರಿ 2024

ಸೊಣ್ಣಪ್ಪನಿಗೆ,

ಕವರಿನ ಹಿಂಬದಿಯಲ್ಲಿ ನನ್ನ ಹೆಸರು ನೋಡಿದ ಮೇಲೂ ನೀನು ಇದನ್ನು ಒಡೆದಿದ್ದರೆ, ಅರ್ಧ ಗೆದ್ದೆ ಎಂದುಕೊಳ್ಳುತ್ತೇನೆ. ನಿನ್ನ ಮಗಳು ರೂಪಳ ಫೋನ್ ನಂಬರು, ವಿಳಾಸ ಎರಡನ್ನೂ ನಮ್ಮ ಸೊಸೆ ಅರ್ಪಿತ ಹೇಗೋ ಸಂಪಾದಿಸಿ ಕೊಟ್ಟಿದ್ದಾಳೆ. ಆದರೆ ಫೋನಿನಲ್ಲಿ ನನ್ನ ದನಿ ಕೇಳಿದ ತಕ್ಷಣ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ, ಹರಿಯುವವನೂ ಎರಡು ಸಾಲು ಓದಿಯೇ ಹರಿಯುತ್ತಾನೆ.

ವಿಷಯ ಇಷ್ಟು. ಸಂಕ್ರಾಂತಿಗೆ ಹತ್ತು ದಿನ ಇರುವಾಗ ಅವರೆಕಾಯಿ ಬಿಡಿಸಲು ಬಗ್ಗಿದವನು ಮೇಲೇಳಲಿಲ್ಲ. ಮನೆಯವರು ನನ್ನನ್ನು ಬಗ್ಗಿದ ಹಾಗೆಯೇ ಹೊಲದಿಂದ ಮನೆಗೆ ನಡೆಸಿಕೊಂಡು ಬಂದರು. ದಾರಿಯುದ್ದಕ್ಕೂ ಜನರ ಚಪ್ಪಲಿಗಳನ್ನೇ ನೋಡಿಕೊಂಡು ಬಂದೆ. ಅರ್ಪಿತ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಕೇಳಿದರು, "ಯಾವಾಗಿಂದ ನೋವು?"

"ಮೂವತ್ತೊಂಬತ್ತು ವರ್ಷದಿಂದ" ಅಂದೆ. "ಗರಡೀಲಿ ಕುಸ್ತಿ ಆಡೋವಾಗ ನಮ್ಮೂರ ಸೊಣ್ಣಪ್ಪ ಎತ್ತಾಕ್ದ. ಅವತ್ತಿಂದ."

ಆಯಮ್ಮ ಎಕ್ಸ್‌ರೇ ನೋಡಿದರು, ಕಾಲು ಎತ್ತಿಸಿದರು, ಪಾದಕ್ಕೆ ಗುದ್ದಿದರು. ಆಮೇಲೆ ಹೇಳಿದರು: "ತಾತ, ಎತ್ತಿ ಹಾಕಿದ ನೋವು ಇಷ್ಟು ವರ್ಷ ಉಳಿಯಲ್ಲ. ಇದು ವಯಸ್ಸಿನ ಸವೆತ. ನಿಮ್ಮ ವಯಸ್ಸಿನವರ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಹಿಂಗೇ ಇರುತ್ತೆ, ನೋವೇ ಇಲ್ಲದೋರದ್ದೂ. ನೋವು ಬಂದಾಗಲೆಲ್ಲ ಹೆದರಿ ಮಲಗಿ ಮಲಗಿ ಬೆನ್ನಿನ ಶಕ್ತಿ ಕಳ್ಕೊಂಡಿದ್ದೀರ."

"ಹಂಗಾದ್ರೆ ಸೊಣ್ಣಪ್ಪ?" ಅಂದೆ.

"ಸೊಣ್ಣಪ್ಪನಿಗೂ ಇದಕ್ಕೂ ಸಂಬಂಧ ಇಲ್ಲ" ಅಂದುಬಿಟ್ಟರು.

ಬಸ್ಸಿನಲ್ಲಿ ಬರುವಾಗ ಅದೇ ಮಾತು ತಲೆಯಲ್ಲಿತ್ತು. ಈ ಮೂವತ್ತೊಂಬತ್ತು ವರ್ಷ ಸೊಂಟ ಹಿಡಿದಾಗಲೆಲ್ಲ ಊರವರು "ಏನಾಯ್ತು ವೆಂಕಟರಾಯಣ್ಣಾ?" ಎಂದರೆ "ಸೊಣ್ಣಪ್ಪನ ಪಟ್ಟು ಕಣಪ್ಪಾ" ಎಂದಿದ್ದೇನೆ. ನೀನು ಊರು ಬಿಟ್ಟು ದಾಬಸ್‌ಪೇಟೆ ಸೇರಿದ್ದೂ ಅದೇ ಮಾತಿಗೆ. ಡಾಕ್ಟರು ನಿನ್ನನ್ನು ಬಿಡುಗಡೆ ಮಾಡಿದ್ದಾರೆ. ನಿನಗೆ ತಿಳಿಸುವುದು ನನ್ನ ಕೆಲಸ, ತಿಳಿಸಿದ್ದೇನೆ. ಮನೆಯಲ್ಲಿ ನಿನ್ನ ಹೆಂಡತಿ ಮುನಿಗಂಗಮ್ಮನಿಗೂ ಹೇಳು.

ನಿನ್ನ ಹಳೆಯ ಎದುರಾಳಿ,
ವೆಂಕಟರಾಯಪ್ಪ

*

ದಾಬಸ್‌ಪೇಟೆ
9 ಫೆಬ್ರವರಿ 2024

ವೆಂಕಟರಾಯಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ಪೂರ್ತಿ ಓದಿದೆ. ಎರಡು ಸಲ ಹರಿಯಲು ಹೋದೆ, ಮನೆಯವಳು ಕಿತ್ತಿಟ್ಟುಕೊಂಡಳು.

ಡಾಕ್ಟರು ನನ್ನನ್ನು ಬಿಡುಗಡೆ ಮಾಡಿದ್ದು ಸಂತೋಷ. ಅವರು ಹುಟ್ಟುವ ಮೊದಲೇ ನಾನು ಶಿಕ್ಷೆ ಮುಗಿಸಿದ್ದೇನೆ. ಗರಡಿಗೆ ಬರಬೇಡ ಎಂದರು. ನಾಟಿಗೆ, ಕಟಾವಿಗೆ ಯಾರೂ ಕರೆಯಲಿಲ್ಲ. ಬಾವಿಕಟ್ಟೆಯ ಮೇಲೆ ಕೂತವರು ನನ್ನನ್ನು ಕಂಡರೆ ಸೊಂಟ ಹಿಡಿದುಕೊಂಡು ನಗುತ್ತಿದ್ದರು. ಬೇರೆ ಯಾರಾದರೂ ನಿಮ್ಮನ್ನು ಎತ್ತಿ ಹಾಕಿದ್ದರೆ ಊರು ಹೂವಿನ ಹಾರ ಹಾಕುತ್ತಿತ್ತು. ನಾನು ಎತ್ತಿ ಹಾಕಿದೆ. ಅದರ ವ್ಯತ್ಯಾಸ ನಿಮಗೂ ಗೊತ್ತು, ನನಗೂ ಗೊತ್ತು, ಬರೆಯುವ ಅಗತ್ಯವಿಲ್ಲ.

ಇಲ್ಲಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಲೋಡಿಂಗ್ ಮಾಡಿದೆ. ಈಗ ಮನೆಯಲ್ಲಿದ್ದೇನೆ. ಚೆನ್ನಾಗಿದ್ದೇನೆ.

ಒಂದೇ ಪ್ರಶ್ನೆ. ಡಾಕ್ಟರು ಹೇಳಿದ್ದನ್ನು ಓದಿದೆ. ನೀವು ಏನು ಹೇಳುತ್ತೀರಿ?

ಇತಿ,
ಸೊಣ್ಣಪ್ಪ

*

ಆವತಿ
26 ಫೆಬ್ರವರಿ 2024

ಸೊಣ್ಣಪ್ಪ,

ನಿನ್ನ ಅಕ್ಷರ ಇನ್ನೂ ಹಾಗೆಯೇ ಇದೆ, ಒಂದೊಂದೂ ತೊಡೆ ತಟ್ಟಿ ನಿಂತ ಹಾಗೆ. ಆದರೆ "ನೀವು, ನಿಮ್ಮ" ಎಂದು ಬರೆದಿದ್ದೀಯ. ಗರಡಿಯ ಮಣ್ಣಿಗೆ ಇಳಿದ ಮೇಲೆ ನಾವಿಬ್ಬರೂ "ನೀನು" ಅಲ್ಲವೇ?

ನನ್ನ ಚಿಕಿತ್ಸೆಯ ಕಥೆ ಕೇಳು. ಆಸ್ಪತ್ರೆಯಲ್ಲಿ ಚಂದನ ಎಂಬ ಹುಡುಗಿ ಇದ್ದಾಳೆ, ವ್ಯಾಯಾಮ ಹೇಳಿಕೊಡುವವಳು. ವಯಸ್ಸು ಇಪ್ಪತ್ತಾರಿರಬಹುದು, ತೂಕ ಒಂದು ಮೂಟೆ ರಾಗಿಯಷ್ಟೂ ಇಲ್ಲ. "ತಾತ, ಮೊದಲು ಏನಾದ್ರೂ ವ್ಯಾಯಾಮ ಮಾಡಿದ್ದೀರಾ?" ಎಂದಳು. ದಿನಕ್ಕೆ ಐನೂರು ಬಸ್ಕಿ ಹೊಡೆದವನು ನಾನು ಎಂದೆ. "ಒಳ್ಳೇದು. ಹಂಗಾದ್ರೆ ಈಗ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ. ಇದಕ್ಕೆ ಸೇತುವೆ ಅಂತೀವಿ" ಎಂದಳು. ಎತ್ತಿದೆ. ನಾಲ್ಕನೆಯದಕ್ಕೆ ಸೇತುವೆ ಕುಸಿಯಿತು.

ಇನ್ನೊಂದು ಬೆಕ್ಕಿನದು. ಕೈ ಮಂಡಿ ಊರಿ, ಬೆಕ್ಕು ಮೈಮುರಿಯುವ ಹಾಗೆ ಬೆನ್ನು ಉಬ್ಬಿಸಬೇಕು, ಇಳಿಸಬೇಕು. ಜೊತೆಗೆ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ನಡಿಗೆ. ಮಲಗುವುದು ರಾತ್ರಿ ಮಾತ್ರ. "ಸ್ವಲ್ಪ ನೋವಿದ್ರೂ ನಡೀಬೇಕು ತಾತ. ನೋವಾಯ್ತು ಅಂದ್ರೆ ಬೆನ್ನು ಮುರೀತು ಅಂತಲ್ಲ" ಎನ್ನುತ್ತಾಳೆ.

ಮನೆಯಲ್ಲಿ ನಡುಮನೆಯ ನೆಲದ ಮೇಲೆ ನಾನು ಬೆಕ್ಕಾಗಿರುವಾಗ ನಮ್ಮವಳು ಅಮ್ಮಯಮ್ಮ ಬಂದು ನಿಂತಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಮಂಡಿಯೂರಿದಳು.

"ನಿಂಗ್ಯಾಕೆ?" ಎಂದೆ.

"ನಂಗೂ ಮೂವತ್ತು ವರ್ಷದಿಂದ ಸೊಂಟ ನೋಯ್ತೈತೆ."

"ಹೇಳ್ಲೇ ಇಲ್ವಲ್ಲೇ!"

"ಯಾರ ಪಟ್ಟು ಅಂತ ಹೇಳ್ಲಿ?" ಎಂದಳು. "ಪೈರು ನೆಟ್ಟಿದ್ದು, ಕಳೆ ಕಿತ್ತಿದ್ದು, ಸೊಪ್ಪಿನ ಹೊರೆ ಹೊತ್ತಿದ್ದು. ಇದ್ಕೆಲ್ಲ ಯಾರೂ ಹೆಸರಿಟ್ಟಿಲ್ಲ."

ಈಗ ದಿನವೂ ಇಬ್ಬರೂ ಒಟ್ಟಿಗೆ ಬೆಕ್ಕಾಗುತ್ತೇವೆ. ಅರ್ಪಿತ ಮೊದಲ ದಿನ ಬಾಗಿಲು ತೆರೆದವಳು ಹಾಗೆಯೇ ಮುಚ್ಚಿಕೊಂಡು ಹೋದಳು.

ಈ ವರ್ಷ ಬಿಸಿಲು ಈಗಲೇ ಶುರುವಾಗಿದೆ. ಹಿಪ್ಪುನೇರಳೆ ಸೊಪ್ಪು ಬಾಡುತ್ತಿದೆ. ತಲೆಯ ಮೇಲೆ ವಿಮಾನಗಳು ಹೆಚ್ಚಾಗಿವೆ. ಬೇರೇನೂ ವಿಶೇಷವಿಲ್ಲ.

ನಿನ್ನ,
ವೆಂಕಟರಾಯ

*

ದಾಬಸ್‌ಪೇಟೆ
15 ಮಾರ್ಚ್ 2024

ವೆಂಕಟರಾಯಪ್ಪನವರಿಗೆ,

ಬೆಕ್ಕಿನ ವಿಷಯ ಓದಿಸಿ ಕೇಳಿ ಮನೆಯವಳು ತುಂಬ ನಕ್ಕಳು. ಅಮ್ಮಯಮ್ಮನವರು ಹೇಳಿದ ಮಾತಿಗೆ ಮಾತ್ರ ನಗಲಿಲ್ಲ. "ನಿಜವೇ ಅಲ್ವಾ" ಎಂದು ಒಳಗೆ ಹೋದಳು.

ಬಿಸಿಲು ಇಲ್ಲೂ ಇದೆ. ವಿಮಾನ ಇಲ್ಲ, ಲಾರಿ ಇವೆ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಆ ಸೇತುವೆ ಮಾಡುವಾಗ ಪಾದ ಎಷ್ಟು ದೂರ ಇಡಬೇಕು? ಇಲ್ಲಿ ಪರಿಚಯದವರೊಬ್ಬರು ಕೇಳಿದರು.

ಸೊಣ್ಣಪ್ಪ

*

ಆವತಿ
14 ಏಪ್ರಿಲ್ 2024

ಸೊಣ್ಣಪ್ಪ,

ನಿನ್ನ ಕಾರ್ಡು ಬಂದು ತಿಂಗಳಾಯಿತು. ದಿನವೂ ಪೆನ್ನು ಹಿಡಿಯುತ್ತಿದ್ದೆ, ಇಡುತ್ತಿದ್ದೆ. ಯುಗಾದಿ ಕಳೆಯಲಿ ಎಂದುಕೊಂಡೆ. ಕಳೆಯಿತು.

ನೀನು ಎತ್ತಿ ಹಾಕಿದ್ದು ಭಾನುವಾರ ಸಂಜೆ. ಬೆನ್ನು ಮಣ್ಣಿಗೆ ತಾಗಿತು, ಸೋತೆ. ಆದರೆ ಎದ್ದೆ. ಮೈ ಕೊಡವಿಕೊಂಡು ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಿದೆ. ಎಲ್ಲೂ ನೋವಿರಲಿಲ್ಲ. ನೋವಿದ್ದದ್ದು ಬೇರೆ ಕಡೆ. ಊರೆಲ್ಲ ನೋಡುತ್ತಿದ್ದಾಗ ನನಗಿಂತ ಎರಡು ವರ್ಷ ಚಿಕ್ಕವನು, ಅದೂ ನಮ್ಮ ಹೊಲದಲ್ಲಿ ದುಡಿಯುವವನು, ನನ್ನನ್ನು ತಲೆಯ ಮೇಲೆತ್ತಿ ಹಾಕಿದ್ದ.

ಸೋಮವಾರ ಬೆಳಿಗ್ಗೆ ಬಾವಿಯಿಂದ ಮೋಟಾರು ಎತ್ತಬೇಕಿತ್ತು. ಅದಕ್ಕೆ ಮೂರು ಜನ ಬೇಕು. ನಾನೊಬ್ಬನೇ ಎತ್ತುತ್ತೇನೆ ಎಂದೆ. ನನ್ನ ತೋಳಿನಲ್ಲಿ ಇನ್ನೂ ಶಕ್ತಿ ಇದೆ ಎಂದು ಯಾರಿಗಾದರೂ ತೋರಿಸಬೇಕಿತ್ತು. ಅರ್ಧ ಎತ್ತಿದಾಗ ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಕೂಗಿದೆ. ಮಂಚದ ಮೇಲೆ ಹೊತ್ತು ತಂದರು.

ಅಪ್ಪ ಬಂದು ನಿಂತರು. "ಏನಾಯ್ತೋ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು, "ನೆನ್ನೆ ಆ ಸೊಣ್ಣ ಎತ್ತಾಕಿದ್ನಲ್ಲ, ಅದೇ ಇದು."

ನಾನು ಇಲ್ಲ ಅನ್ನಲಿಲ್ಲ.

ಅಷ್ಟೇ ಸೊಣ್ಣಪ್ಪ. ಹೌದು ಎಂದೂ ಅನ್ನಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹೌದು ಎನ್ನುವುದೂ ಸಲೀಸಾಗಿ ಬಂತು. ಕೊನೆಗೆ ನಾನೇ ನಂಬಿದೆ. ಡಾಕ್ಟರಮ್ಮನ ಮುಂದೆ ಹೇಳುವಾಗಲೂ ನಂಬಿಯೇ ಹೇಳಿದೆ. ಅವರು ಇಲ್ಲ ಎಂದ ದಿನವೇ ಮೋಟಾರು ನೆನಪಿಗೆ ಬಂತು. ಆದರೂ ಮೊದಲ ಕಾಗದದಲ್ಲಿ ಅವರ ಹಿಂದೆ ಅವಿತುಕೊಂಡೆ. ನೀನು ಅಲ್ಲೂ ಹಿಡಿದುಬಿಟ್ಟೆ.

ಕ್ಷಮಿಸು ಎಂದು ಬರೆಯಲು ನಾಚಿಕೆ. ಬರೆದಿದ್ದೇನೆ.

ನಿನ್ನ ಪರಿಚಯದವರಿಗೆ ಹೇಳು: ಹಿಮ್ಮಡಿ ಪೃಷ್ಠದಿಂದ ಒಂದು ಗೇಣು ದೂರದಲ್ಲಿರಬೇಕು, ಉಸಿರು ಕಟ್ಟಬಾರದು. ಚಂದನ ಕೇಳಿದಳು: ಅವರಿಗೆ ವಯಸ್ಸೆಷ್ಟು? ನೋವು ಕಾಲಿಗೆ ಇಳಿಯುತ್ತದೆಯೇ? ನೋವಿಗೆ ಹೆದರಿ ಮಲಗಿಬಿಟ್ಟಿದ್ದಾರೆಯೇ?

ವೆಂಕಟರಾಯ

*

ದಾಬಸ್‌ಪೇಟೆ
20 ಮೇ 2024

ವೆಂಕಟರಾಯಪ್ಪ ದೊಡ್ಡಪ್ಪನವರಿಗೆ ರೂಪ ಮಾಡುವ ನಮಸ್ಕಾರ.

ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಆ ಪರಿಚಯದವರು ಅಪ್ಪನೇ. ನೀವು ಊಹಿಸಿರುತ್ತೀರಿ.

ಫೆಬ್ರವರಿ ಕೊನೆಯಿಂದ ಮಲಗಿದ್ದಾರೆ. ಗ್ಯಾಸ್ ಸಿಲಿಂಡರ್ ಎತ್ತಿದಾಗ ಹಿಡಿದುಕೊಂಡಿತು. ನೋವು ಎಡಗಾಲಿಗೂ ಇಳಿಯುತ್ತದೆ. ಪಕ್ಕದ ಮನೆಯವರು ಮೂರು ತಿಂಗಳು ಅಲುಗಾಡದೆ ಹಲಗೆ ಮೇಲೆ ಮಲಗಬೇಕು ಎಂದರು, ಅದನ್ನೇ ಹಿಡಿದುಕೊಂಡಿದ್ದಾರೆ. ಅವ್ವ ಊಟ ಅಲ್ಲಿಗೇ ಕೊಡುತ್ತಾಳೆ. ಸ್ನಾನಕ್ಕೆ, ಕಕ್ಕಸಿಗೆ ಗೋಡೆ ಹಿಡಿದು ಹೋಗಿ ಬರುತ್ತಾರೆ. ಕಾಲು ಕಡ್ಡಿಯಾಗಿದೆ. ಆಸ್ಪತ್ರೆಗೆ ಬನ್ನಿ ಎಂದರೆ ಆಪರೇಷನ್ ಅಂತಾರೆ ಎಂದು ಭಯ. ಇನ್ನೊಂದು ಕಾರಣವನ್ನು ಒಮ್ಮೆ ಬಾಯಿಬಿಟ್ಟರು. "ಸೊಂಟ ಮುರಿದೋನು ಅಂತ ಹೆಸರು ನಂದು. ನಾನೇ ಸೊಂಟ ಹಿಡ್ಕಂಡು ಹೋದ್ರೆ ಜನ ನಗಲ್ವಾ?" ಎಂದರು. ಇಲ್ಲಿ ಯಾರಿಗೆ ಗೊತ್ತು ಆ ಹೆಸರು? ಆದರೂ ಹಾಗೆ.

ನಿಮ್ಮ ಏಪ್ರಿಲ್ ಕಾಗದ ಓದಿ ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದರು. ಮೂರನೆಯ ದಿನ ನನ್ನನ್ನು ಕರೆದು ಅವ್ವನಿಗೆ ಜೋರಾಗಿ ಓದಿ ಹೇಳು ಎಂದರು. ಅವ್ವ ಕೇಳಿ, "ಬರ್ದವ್ರಲ್ಲ, ಅದು ದೊಡ್ಡದು" ಎಂದಳು. ಅಪ್ಪ "ಬರೆಯೋದು ಸುಲಭ" ಎಂದರು. ಆದರೆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.

ನಾನು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ರಜೆ ಸಿಗುವುದು ಕಷ್ಟ. ವ್ಯಾಯಾಮಗಳನ್ನು ಬಿಡಿಸಿ ಬರೆದು ಕಳಿಸಿದರೆ ನಾನೇ ಮಾಡಿಸಲು ನೋಡುತ್ತೇನೆ. ನಾನು ಬರೆದದ್ದು ಅವರಿಗೆ ತಿಳಿಯಬಾರದು.

ನಿಮ್ಮ ಮಗಳಂಥವಳು,
ರೂಪ

*

ಆವತಿ
25 ಮೇ 2024

ಮಗಳೇ ರೂಪ,

ನೀನು ಬರೆದದ್ದು ಒಳ್ಳೆಯದಾಯಿತು. ಚಂದನಳಿಗೆ ಓದಿ ಹೇಳಿದೆ. ಅವಳು ಹೇಳಿದ್ದು: ಕಾಲಿನ ಶಕ್ತಿ ಕಡಿಮೆಯಾಗುತ್ತಾ ಹೋದರೆ, ಪಾದ ಎಳೆದುಕೊಂಡು ನಡೆದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ. ಹಾಗೇನೂ ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಕಾಗದದಲ್ಲಿ ಓದಿ ಮಾಡಿಸುವುದು ಆಮೇಲೆ.

ವ್ಯಾಯಾಮ ಬರೆದು ಕಳಿಸುತ್ತಿಲ್ಲ. ಗುರುವಾರ ನಾನೇ ಬರುತ್ತೇನೆ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಹಳ ಹೊತ್ತು ಕೂತರೆ ನನಗೆ ಹಿಡಿಯುತ್ತದೆ, ನಿಂತೇ ಬರುತ್ತೇನೆ. ಅಪ್ಪನಿಗೆ ಹೇಳಬೇಡ. ಹೇಳಿದರೆ ಓಡಿಹೋಗಲು ಎದ್ದರೂ ಎದ್ದಾನು. ಹಾಗಾದರೆ ಅದೂ ಒಳ್ಳೆಯದೇ.

ದೊಡ್ಡಪ್ಪ

*

ದಾಬಸ್‌ಪೇಟೆ
19 ಜೂನ್ 2024

ವೆಂಕಟರಾಯಣ್ಣ,

ನೀನು ಬಂದು ಹೋಗಿ ಇಪ್ಪತ್ತು ದಿನವಾಯಿತು. ಬರೆಯಲು ಕೂತಿದ್ದೇನೆ, ಕುರ್ಚಿಯ ಮೇಲೆ, ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟುಕೊಂಡು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು ಎಂದಿದ್ದಾರೆ, ಆದ್ದರಿಂದ ಈ ಕಾಗದ ಮೂರು ಕಂತಿನಲ್ಲಿ ಬರೆಯುತ್ತಿದ್ದೇನೆ.

ಅವತ್ತು ಬಾಗಿಲಲ್ಲಿ ಬೆಳಕಿಗೆ ಅಡ್ಡವಾಗಿ ಯಾರೋ ಮುದುಕ ನಿಂತಿದ್ದ. ಕೈಯಲ್ಲಿ ಚೀಲ, ಚೀಲದಲ್ಲಿ ಸೀಬೆಹಣ್ಣು. ಗುರುತೇ ಸಿಗಲಿಲ್ಲ. ನಾನು ಮೂವತ್ತು ವರ್ಷದವನ ಮೇಲೆ ಕೋಪ ಮಾಡಿಕೊಂಡಿದ್ದೆ, ಅವನನ್ನು ಕಳಿಸದೆ ಈ ಮುದುಕನನ್ನು ಕಳಿಸಿದ್ದಾರೆ ಅನ್ನಿಸಿತು.

"ಏಳೋ" ಎಂದೆ ನೀನು, ಕೂರುವ ಮೊದಲೇ.

"ಏಳಕ್ಕಾಗಲ್ಲ."

"ಅವತ್ತು ನೀನು ಹಾಕ್ದಾಗ ನಾನು ಎದ್ನಲ್ಲ. ಏಳು."

ನಾನು ಮುಖ ತಿರುಗಿಸಿದೆ. ನೀನು ಬಿಡಲಿಲ್ಲ. ನೋಡು, ಇಷ್ಟೇ ಸುಲಭ ಎಂದು ಚೀಲ ಇಟ್ಟು, ಪಂಚೆ ಎತ್ತಿ ಕಟ್ಟಿ, ನಮ್ಮ ಮನೆಯ ನೆಲದ ಮೇಲೆ ಬೆಕ್ಕಾದೆ. ಬೆನ್ನು ಉಬ್ಬಿಸಿದೆ. ಇಳಿಸಿದೆ. ಇನ್ನೊಂದು ಸಲ ಉಬ್ಬಿಸಿದೆ. "ಅಯ್ಯಪ್ಪಾ, ಹಿಡ್ಕಂತು ಕಣೋ" ಎಂದು ಹಾಗೆಯೇ ನಿಂತುಬಿಟ್ಟೆ. ರೂಪ ಕೆಲಸಕ್ಕೆ ಹೋಗಿದ್ದಳು. ಮುನಿಗಂಗಮ್ಮ ನಲ್ಲಿ ಹತ್ತಿರ ಹೋಗಿದ್ದಳು. ಎಷ್ಟು ಹೊತ್ತು ಒಬ್ಬ ಮನುಷ್ಯ ಇನ್ನೊಬ್ಬರ ಮನೆಯಲ್ಲಿ ಬೆಕ್ಕಾಗಿರಲು ಸಾಧ್ಯ? ಬೈದುಕೊಂಡೇ ನಾನು ಕಾಲು ಕೆಳಗಿಟ್ಟೆ. ಗೋಡೆ ಹಿಡಿದು ಬಂದೆ. ನಿನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಮುನಿಗಂಗಮ್ಮ ಬಿಂದಿಗೆ ಹೊತ್ತು ಒಳಗೆ ಬಂದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮನೆಯ ಮಧ್ಯೆ ನಿಂತಿದ್ದೆವು. "ಅಯ್ಯೋ, ಈ ವಯಸ್ಸಲ್ಲಿ ಕುಸ್ತಿ ಬೇಕಾ ನಿಮ್ಗೆ?" ಎಂದಳು.

ನನಗೆ ಒಂದು ಅನುಮಾನ. ನಿನಗೆ ನಿಜವಾಗಿ ಹಿಡಿದುಕೊಂಡಿತ್ತೋ, ನನ್ನನ್ನು ಎಬ್ಬಿಸಲು ಆಡಿದ ಆಟವೋ? ಆಣೆ ಮಾಡಿ ಹೇಳು.

ಅವತ್ತೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವನು ನೀನು, ಅವರು ಹೇಳಿದ್ದು ನಿನಗೂ ಗೊತ್ತು. ನರಕ್ಕೆ ಒತ್ತಡ ಬಿದ್ದಿದೆ, ಆಪರೇಷನ್ ಬೇಡ, ನಡೆಯಬೇಕು. ನಡೆಯುತ್ತಿದ್ದೇನೆ. ಮೊದಲ ವಾರ ಬೀದಿ ತುದಿಯ ವಿದ್ಯುತ್ ಕಂಬದವರೆಗೆ. ಈಗ ಮೇಲ್ಸೇತುವೆಯವರೆಗೆ ಹೋಗಿ ಬರುತ್ತೇನೆ. ಮುನಿಗಂಗಮ್ಮನೂ ಬರುತ್ತಾಳೆ, ಅವಳಿಗೂ ಸೊಂಟ ನೋವಂತೆ. ನಾನೂ ಕೇಳಿರಲಿಲ್ಲ.

ಇನ್ನು ನಿನ್ನ ಏಪ್ರಿಲ್ ಕಾಗದದ ವಿಷಯ. ಮನೆಗೆ ಬಂದ ದಿನ ಅದರ ಬಗ್ಗೆ ನೀನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರು ಕೂತು ಆಗದು. ಅದಕ್ಕೇ ಬರೆಯುತ್ತೇನೆ.

ನಾನು ಊರು ಬಿಟ್ಟ ಮೇಲೂ ನಮ್ಮ ಅವ್ವ ಮುತ್ತಮ್ಮ ಅಲ್ಲೇ ಇದ್ದಳು, ಬರುವುದಿಲ್ಲ ಎಂದು ಹಟ ಹಿಡಿದು. ಕೊನೆಯವರೆಗೂ ಅವಳು ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳಂತೆ: "ನನ್ನ ಮಗ ಯಾರ ಸೊಂಟಾನೂ ಮುರೀಲಿಲ್ಲ." ಯಾರೂ ಕೇಳಲಿಲ್ಲ. ಸಾಯುವವರೆಗೂ ಹೇಳಿದಳು. ನನಗೆ ಕ್ಷಮೆ ಕೇಳಿದ್ದೀಯ, ಅದು ನನ್ನ ನಿನ್ನ ಮಧ್ಯೆ. ಆದರೆ ಅವಳು ಹೇಳಿದ್ದು ನಿಜ ಎಂದು ಆ ಊರಿನಲ್ಲಿ ಒಂದು ಸಲವಾದರೂ ಯಾರಾದರೂ ಹೇಳಬೇಕಲ್ಲವೇ? ನಾನು ಹೇಳಿದರೆ ಅವಳು ಹೇಳಿದ ಹಾಗೆಯೇ ಆಗುತ್ತದೆ.

ಸೊಣ್ಣಪ್ಪ

*

ಆವತಿ
28 ಜುಲೈ 2024

ಸೊಣ್ಣ,

ಹೇಳಿದೆ.

ಎಲ್ಲಿ ಹೇಳುವುದು ಎಂದು ಬಹಳ ಯೋಚಿಸಿದೆ. ಪಂಚಾಯಿತಿ ಕಟ್ಟೆಯಲ್ಲಿ ಈಗ ಯಾರೂ ಕೂರುವುದಿಲ್ಲ. ಊರು ಒಟ್ಟಿಗೆ ಸಿಗುವುದು ಬೆಳಿಗ್ಗೆ ಡೈರಿಯಲ್ಲಿ, ಹಾಲು ಹಾಕುವಾಗ. ನಿನ್ನೆ ಹೋದೆ. ಅಮ್ಮಯಮ್ಮ ಕ್ಯಾನು ಹಿಡಿದು ಹಿಂದೆಯೇ ಬಂದಳು. ನಾನು ಹಿಂದೆ ಸರಿಯದಿರಲಿ ಎಂದು ಇರಬೇಕು.

ಸಾಲಿನಲ್ಲಿ ನಿಂತವರಿಗೆ ಕೇಳುವ ಹಾಗೆ ಹೇಳಿದೆ: "ನನ್ನ ಸೊಂಟ ಹೋಗಿದ್ದು ಸೊಣ್ಣಪ್ಪನ ಪಟ್ಟಿಂದ ಅಲ್ಲ. ಮಾರನೇ ದಿನ ಜಂಬಕ್ಕೆ ಮೋಟಾರು ಎತ್ತಿದ್ದಕ್ಕೆ. ಸುಳ್ಳು ಹೇಳ್ದೆ."

ಚಿಕ್ಕ ವಯಸ್ಸಿನವರಿಗೆ ಏನೂ ಅರ್ಥವಾಗಲಿಲ್ಲ. ಯಾವ ಸೊಣ್ಣಪ್ಪ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಹಳಬರು ತಲೆ ತಗ್ಗಿಸಿದರು. ಆದಿನಾರಾಯಣಪ್ಪ ನಿನಗೆ ನೆನಪಿರಬೇಕು, ಈಗ ಎಂಬತ್ತೆರಡು. ಕೋಲೂರಿಕೊಂಡು ಹತ್ತಿರ ಬಂದ.

"ಇದೇನು ಹೊಸ ಸುದ್ದಿಯೇನಪ್ಪಾ? ಅವತ್ತು ಬಾವಿ ಹತ್ರ ನಾನೂ ಇದ್ದೆ" ಎಂದ.

"ಮತ್ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ಲಿಲ್ಲ, ನಾನ್ಯಾಕೆ ಹೇಳ್ಲಿ? ಅವನು ನಿನ್ನ ಎತ್ತಾಕಿದ್ದು ನಮಗ್ಯಾರಿಗೂ ಹಿಡಿಸಿರ್ಲಿಲ್ಲ. ಒಂದು ನೆಪ ಸಿಕ್ತು."

ಸೊಣ್ಣ, ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಒದ್ದಾಡಿದೆ. ಅಮ್ಮಯಮ್ಮ "ಬರೀರಿ, ಈಗ್ಲೂ ಮುಚ್ಚಿಡ್ತೀರಾ?" ಎಂದಳು. ಹೌದು, ಅವಳಿಗೂ ಗೊತ್ತಿತ್ತು. ಅವಳು ಮದುವೆಯಾಗಿ ಬಂದು ಆಗ ಒಂದು ವರ್ಷ. ಮಾವನವರ ಎದುರು ಬಾಯಿ ತೆರೆಯುವ ಕಾಲವಲ್ಲ ಎಂದಳು. ಆಮೇಲೆ ನಾನು ತೆರೆಯಲು ಬಿಡಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ, ನಾನೇ ಹೇಳಿಕೊಂಡೆ.

ಡೈರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಪ್ಪಲಮ್ಮ ಇದ್ದಳು, ನಿಮ್ಮ ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದವಳು. ಬೆನ್ನು ಪೂರ್ತಿ ಬಾಗಿದೆ, ತಲೆಯೆತ್ತಿ ನೋಡಲೂ ಆಗದು. ನೆಲ ನೋಡಿಕೊಂಡೇ ಕೂಗಿದಳು: "ಹಂಗಾದ್ರೆ ಮುತ್ತಕ್ಕ ಹೇಳ್ತಿದ್ದುದು ನಿಜ ಅನ್ನು!"

"ನಿಜ" ಎಂದೆ.

"ಅವಳ ಹೆಸರು ಹಿಡ್ದು ಹೇಳು. ಜೋರಾಗಿ."

ಹಾಲು ಅಳೆಯುವವನು ಮಿಷನ್ ನಿಲ್ಲಿಸಿದ. "ಮುತ್ತಮ್ಮ ಹೇಳಿದ್ದು ನಿಜ. ಅವಳ ಮಗ ಯಾರ ಸೊಂಟಾನೂ ಮುರೀಲಿಲ್ಲ" ಎಂದೆ. ಸಪ್ಪಲಮ್ಮ "ಹ್ಞಾಂ, ಈಗ ಹಾಲು ಹಾಕ್ರಿ" ಎಂದಳು. ಸಾಲು ಮುಂದಕ್ಕೆ ಸರಿಯಿತು.

ಅವಳನ್ನು ಮುಂದಿನ ವಾರ ಚಂದನಳ ಹತ್ತಿರ ಕರೆದುಕೊಂಡು ಹೋಗುತ್ತೇವೆ. ನಮ್ಮ ಊರಿನಿಂದ ಈಗ ಏಳು ಜನ ಹೋಗುತ್ತಿದ್ದಾರೆ. ಬೆಳಿಗ್ಗೆ ರಸ್ತೆಯಲ್ಲಿ ಒಟ್ಟಿಗೆ ನಡೆಯುತ್ತೇವೆ. ಬಸ್ಸಿನವನು ಇದೇನು ಧರಣಿ ಎಂದು ಕೇಳಿದ.

ಬೆಕ್ಕಿನ ವಿಷಯದಲ್ಲಿ ನಾನು ಆಣೆ ಮಾಡುವುದಿಲ್ಲ. ಕುಸ್ತಿಯವನು ತನ್ನ ಪಟ್ಟು ಹೇಳಿಕೊಡಬಾರದು.

ನೀವಿಬ್ಬರೂ ಬನ್ನಿ. ಯಾವಾಗ ಬರಬೇಕೆಂದು ನಿನ್ನ ಸೊಂಟವನ್ನೂ ನಿನ್ನ ಮನಸ್ಸನ್ನೂ ಕೇಳಿಕೊಂಡು ಹೇಳು. ಎರಡೂ ಒಪ್ಪುವವರೆಗೆ ಕಾಯುತ್ತೇನೆ.

ವೆಂಕಟರಾಯ

*

ದಾಬಸ್‌ಪೇಟೆ
22 ಸೆಪ್ಟೆಂಬರ್ 2024

ವೆಂಕಟರಾಯಣ್ಣ,

ಹೋದ ಭಾನುವಾರ ನಿಮ್ಮಲ್ಲಿಂದ ಹೊರಟವರು ಸುಖವಾಗಿ ತಲುಪಿದೆವು. ಬಸ್ಸಿನಲ್ಲಿ ಮುನಿಗಂಗಮ್ಮನಿಗೆ ಸೀಟು ಸಿಕ್ಕಿತು. ನಾನು ಅರ್ಧ ದಾರಿ ನಿಂತೆ, ಅರ್ಧ ದಾರಿ ಕೂತೆ. ಮಾರನೆಯ ದಿನ ಕಾಲು ಸ್ವಲ್ಪ ಜುಮ್ ಎಂದಿತು. ಮೇಲ್ಸೇತುವೆಯವರೆಗೆ ನಡೆದು ಬಂದೆ, ಸರಿಹೋಯಿತು. ಪೂರ್ತಿ ಹೋಗುವುದಿಲ್ಲವಂತೆ ಇದು, ಆದರೆ ಹೇಳಿದ ಮಾತು ಕೇಳುತ್ತದೆ.

ಆದಿನಾರಾಯಣಪ್ಪನ ಮಾತು ಓದಿದಾಗ ಬಹಳ ಕೋಪ ಬಂದಿತ್ತು. ಅದಕ್ಕೇ ಆಗಸ್ಟ್ ಪೂರ್ತಿ ಬರೆಯಲಿಲ್ಲ. ಭಾನುವಾರ ಅವನೇ ಎದುರು ಬಂದ. "ಬಂದ್ಯಾ ಸೊಣ್ಣಪ್ಪ" ಎಂದ. "ಬಂದೆ" ಎಂದೆ. ಅವನು ಇನ್ನೇನೋ ಹೇಳಲು ನಿಂತ, ನಾನು ಕಾಯಲಿಲ್ಲ. ಸಪ್ಪಲಮ್ಮಕ್ಕನ ಮನೆಗೆ ಮೊದಲು ಹೋದೆ, ಅದು ನಿನಗೆ ಗೊತ್ತು. ಅವಳು ನನ್ನ ಪಾದ ನೋಡಿ ಗುರುತು ಹಿಡಿದಳು. "ನಿಮ್ಮವ್ವನ ಪಾದಾನೇ" ಎಂದಳು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ನಿಮ್ಮ ಮನೆಯ ಮುಂದೆ ನಾನು ಜಗುಲಿಯ ಹತ್ತಿರ ನಿಂತುಬಿಟ್ಟೆನಲ್ಲ, ಮೂರು ಮೆಟ್ಟಿಲು ಹತ್ತಲು ಸೊಂಟ ಬಿಡುತ್ತಿಲ್ಲ ಎಂದು ನೀನು ಓಡಿ ಬಂದು ಕೈ ಹಿಡಿದೆ. ಸೊಂಟ ಚೆನ್ನಾಗಿಯೇ ಇತ್ತು. ನಿಮ್ಮ ಹಿತ್ತಲಿನಲ್ಲಿ, ಅಂಗಳದಲ್ಲಿ, ಸೊಪ್ಪಿನ ತೋಟದಲ್ಲಿ ನಾನು ಹದಿನಾಲ್ಕು ವರ್ಷ ದುಡಿದೆ. ಆ ಬಾಗಿಲಿನಿಂದ ಒಳಗೆ ಗೋಡೆಗೆ ಯಾವ ಬಣ್ಣ ಎಂದು ನನಗೆ ಗೊತ್ತಿರಲಿಲ್ಲ. ಕಾಲು ತಾನಾಗಿಯೇ ನಿಂತಿತು. ನೀನು ನೋವೆಂದುಕೊಂಡು ಎಳೆದೆ. ಒಳಗೆ ಬಂದೆ. ಹಸಿರು ಬಣ್ಣ.

ಅಮ್ಮಯಮ್ಮನವರು ಊಟಕ್ಕೆ ಕರೆದಾಗಲೂ ನಾನು ಎಲ್ಲಿ ಕೂರಿಸುತ್ತಾರೋ ಎಂದು ನೋಡುತ್ತಿದ್ದೆ. ನಡುಮನೆಯಲ್ಲಿ ಚಾಪೆ ಸುತ್ತಿಟ್ಟಿತ್ತು. ಅವರು ಚಾಪೆಯ ಕಡೆ ನೋಡಿದರು, ತಮ್ಮ ಸೊಂಟ ಹಿಡಿದುಕೊಂಡರು. "ಕೆಳಗೆ ಕೂತ್ರೆ ನನ್ನ ಯಾರವ್ವಾ ಎತ್ತೋರು?" ಎಂದು ಮುನಿಗಂಗಮ್ಮನನ್ನು ಕೇಳಿದರು. "ನಂಗೂ ಆಗಲ್ಲಕ್ಕಾ" ಎಂದಳು ಇವಳು. ನಿನಗೂ ಆಗದು, ನನಗೂ ಆಗದು. ಅರ್ಪಿತ ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಳು. ನಾಲ್ಕು ಮುದುಕ ಮುದುಕಿಯರು ಒಂದೇ ಮೇಜಿನ ಸುತ್ತ ಕೂತೆವು.

ಮೇಜು ಚಿಕ್ಕದು. ನಾಟಿಕೋಳಿ ಸಾರಿಗೆ ಮುದ್ದೆ ಅದ್ದುವಾಗಲೆಲ್ಲ ನಿನ್ನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. "ವಸಿ ಆ ಕಡೆ ಸರಿಯೋ" ಎಂದೆ ನೀನು.

"ನೀನೇ ಸರಿ" ಎಂದೆ ನಾನು.

ಇಬ್ಬರೂ ಸರಿಯಲಿಲ್ಲ.

ನಿನ್ನ,
ಸೊಣ್ಣ